ಏತ್ ಬರೆಯೊಲಿ? ಕಾಸರಗೋಡಿನ ಕಡೆಯಿಂದ ಮಾತೃಭಾಷೆಯ ಬಗ್ಗೆ ಒಂದಿಷ್ಟು

(ಕಾಸರಗೋಡಿನಲ್ಲಿ ಕನ್ನಡ ಮೇಷ್ಟ್ರುಗಳು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತು. ಕೇಳಿದವರು ಬರೆದುಕೊಡಿ ಎಂದರು. ಆಡುವಾಗ ನಡುನಡುವೆ ತುಳುವಿಗೆ ಜಾರಿದ್ದೆ. ಆದಷ್ಟನ್ನು ಕನ್ನಡಕ್ಕೆ ತಂದಿದ್ದೇನೆ, ಕೆಲವನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪರದೇಶದವರ ಆಳ್ವಿಕೆ ಮುಗಿದ ಮೇಲೆ ಈ ನೆಲದ ನುಡಿಗಳಿಗೆ ಏನಾಯಿತು, ನಮ್ಮ ಗುರುತಿಗೆ ಏನಾಯಿತು ಅಂತ ಮಾತಾಡಬೇಕಂತೆ. ಆಮಂತ್ರಣ ಓದಿದಾಗ ನನಗೇ ಸ್ವಲ್ಪ ಹೆದರಿಕೆಯಾಯಿತು. ಇಷ್ಟು ದೊಡ್ಡ ವಿಷಯಕ್ಕೆ ನಾನು ಸಣ್ಣ ಬಾಗಿಲಿನಿಂದ ಹೋಗುತ್ತೇನೆ. ಆ ಬಾಗಿಲು ನಾನೇ ಮಾಡಿದ ಒಂದು ತಪ್ಪು.

2011ರ ಫೆಬ್ರವರಿ. ಜನಗಣತಿ. ಮೇಷ್ಟ್ರುಗಳಿಗೆ ಆ ಕೆಲಸ ತಪ್ಪಿದ್ದಲ್ಲ, ಅಲ್ವಾ? ಹೆಗಲಿಗೆ ಚೀಲ, ಕೈಯಲ್ಲಿ ಫಾರಂ, ತಲೆಗೊಂದು ಟೊಪ್ಪಿ. ಬದಿಯಡ್ಕದಿಂದ ಆಚೆ, ತೋಟದ ಮಧ್ಯೆ ಒಂದು ಹಂಚಿನ ಮನೆ. ಅಂಗಳದ ತುಂಬ ಅಡಿಕೆ ಒಣಗುತ್ತಿತ್ತು. ಜಗಲಿಯಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಅಡಿಕೆ ಸುಲಿಯುತ್ತಾ ಕೂತಿದ್ದರು. ಕೂತುಕೊಳ್ಳಿ ಅಂತ ಚಾಪೆ ಕೊಟ್ಟರು, ಬೆಲ್ಲ ನೀರು ಕೊಟ್ಟರು.

ನಾನಲ್ಲಿದ್ದ ಅರ್ಧ ಗಂಟೆಯಲ್ಲಿ ಆ ಅಜ್ಜಿ ಏನೇನು ಮಾತಾಡಿದರು ಅಂತ ಹೇಳುತ್ತೇನೆ. ಹಟ್ಟಿಯ ದನಕ್ಕೆ ಬೈದದ್ದು ತುಳುವಿನಲ್ಲಿ. ಸೊಸೆ ಚಂದ್ರಗಿರಿ ಹೊಳೆಯ ಆಚೆ ಕಡೆಯವಳು, ಅವಳನ್ನು ಕೂಗಿ ಕರೆದದ್ದು ಮಲಯಾಳದಲ್ಲಿ. ಬೈಕಿನಲ್ಲಿ ಮೀನು ತಂದವನ ಹತ್ತಿರ ಬಂಗುಡೆಗೆ ಚೌಕಾಸಿ ಮಾಡಿದ್ದು ಬ್ಯಾರಿಯಲ್ಲಿ. ಅವನು ಸೋತು ಹೋದ. ಪಕ್ಕದ ತೋಟದ ಭಟ್ಟರು ಹಾದುಹೋಗುತ್ತಾ ‘ಎಂತ, ಗಣತಿಯಾ?’ ಅಂದರು. ಅವರಿಗೆ ಅಜ್ಜಿ ಉತ್ತರ ಕೊಟ್ಟದ್ದು ಹವ್ಯಕ ಕನ್ನಡದಲ್ಲಿ. ನನ್ನ ಹತ್ತಿರ ಮಾತ್ರ ‘ಹೌದು ಮಾಷ್ಟ್ರೇ, ಹೇಳಿ ಮಾಷ್ಟ್ರೇ’ ಅಂತ ನೀಟಾದ ಶಾಲೆ ಕನ್ನಡ.

ಫಾರಮ್ಮಿನಲ್ಲಿ ಮಾತೃಭಾಷೆಗೆ ಒಂದು ಖಾನೆ. ‘ತಿಳಿದಿರುವ ಇತರ ಭಾಷೆ’ಗೆ ಎರಡು. ನಾನು ಕೇಳಿದೆ, ‘ಅಮ್ಮ, ನಿಮ್ಮ ಮಾತೃಭಾಷೆ ಯಾವುದು ಬರೆಯಲಿ?’

ಅವರು ಅಡಿಕೆ ಸುಲಿಯುವುದನ್ನು ನಿಲ್ಲಿಸಲಿಲ್ಲ. ತುಳುವಿಗೆ ತಿರುಗಿ ಕೇಳಿದರು: ‘ಏತ್ ಬರೆಯೊಲಿ?’ ಎಷ್ಟು ಬರೆಯಬಹುದು ಅಂತ.

‘ಒಂಜೇ’ ಅಂದೆ. ಒಂದೇ.

‘ಹಾಗಾದ್ರೆ ನಿಮಗೆ ಯಾವುದು ಬೇಕೋ ಅದು ಬರೆಯಿರಿ ಮಾಷ್ಟ್ರೇ.’

ನಾನು ಕನ್ನಡ ಅಂತ ಬರೆದೆ.

ಅದು ತಪ್ಪು. ಆ ಮನೆಯ ಒಲೆ ಮುಂದಿನ ಮಾತು ತುಳು. ನನಗೆ ಗೊತ್ತಿತ್ತು. ಆದರೆ ನಾನು ಕನ್ನಡ ಹೋರಾಟದ ಮೆರವಣಿಗೆಗಳಲ್ಲಿ ನಡೆದವನು. ಗಣತಿಯಲ್ಲಿ ಕನ್ನಡದ ಸಂಖ್ಯೆ ಇಳಿದರೆ ಶಾಲೆ ಹೋಗುತ್ತದೆ, ಕೆಲಸ ಹೋಗುತ್ತದೆ ಎಂಬ ಲೆಕ್ಕ ತಲೆಯಲ್ಲಿತ್ತು. ಹಾಗಾಗಿ ಅಜ್ಜಿಯ ಬಾಯಿಂದ ತುಳುವನ್ನು ತೆಗೆದು ಕನ್ನಡ ಇಟ್ಟೆ. ಎಷ್ಟು ಮನೆಯಲ್ಲಿ ಹೀಗೆ ಮಾಡಿದೆ ಅಂತ ಕೇಳಬೇಡಿ.

ಇವತ್ತು ನಾನು ಹೇಳಲು ಬಂದದ್ದು ಆ ಒಂದು ಖಾನೆಯ ಬಗ್ಗೆ. ಬ್ರಿಟಿಷರು ನಮಗೆ ಇಂಗ್ಲಿಷ್ ಬಿಟ್ಟು ಹೋದರು ಅಂತ ನಾವು ಯಾವಾಗಲೂ ಹೇಳುತ್ತೇವೆ. ಹೌದು, ಬಿಟ್ಟು ಹೋದರು. ಆದರೆ ಅದಕ್ಕಿಂತ ಗಟ್ಟಿಯಾದದ್ದು ಇನ್ನೊಂದಿದೆ. ಒಬ್ಬ ಮನುಷ್ಯನಿಗೆ ಒಂದು ಮಾತು, ಒಂದು ಜಿಲ್ಲೆಗೆ ಒಂದು ಮಾತು, ಒಂದು ಪುಸ್ತಕಕ್ಕೆ ಒಂದು ಮಾತು ಎಂಬ ಅಭ್ಯಾಸ. ಅದು ನಮ್ಮ ರಕ್ತಕ್ಕೆ ಇಳಿದಿದೆ. ಈಗ ಅದನ್ನು ನಡೆಸುತ್ತಿರುವವರು ನಾವೇ.

ಪುಸ್ತಕದ ವಿಷಯವನ್ನೇ ನೋಡಿ. ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರು ಮಾಡಿದ ಕೆಲಸವನ್ನು ನಾನು ಸಣ್ಣದು ಮಾಡುವುದಿಲ್ಲ. ಗುಂಡರ್ಟ್ ಅವರ ಮಲಯಾಳ ನಿಘಂಟು 1872ರಲ್ಲಿ ಬಂತು. ಮ್ಯಾನರ್ ಅವರ ತುಳು ನಿಘಂಟು 1886ರಲ್ಲಿ. ಕಿಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ. ಮೂರೂ ಹೊರಬಂದದ್ದು ಮಂಗಳೂರಿನಿಂದ, ಅದೇ ಮಿಶನ್ನಿನಿಂದ. ಇವತ್ತಿಗೂ ಒಂದು ಪದಕ್ಕೆ ತಡಕಾಡಿದಾಗ ನಾನು ಕಿಟೆಲ್ ಬಿಡಿಸುತ್ತೇನೆ. ಆದರೆ ಸುಮ್ನೆ ಯೋಚಿಸಿ. ಕುಂಬಳೆಯ ಸಂತೆಯಲ್ಲಿ ಒಂದೇ ವಾಕ್ಯದೊಳಗೆ ಓಡಾಡುತ್ತಿದ್ದ ಮೂರು ಮಾತುಗಳು ಮೂರು ಬೇರೆ ಬೇರೆ ದಪ್ಪ ಪುಸ್ತಕಗಳಾದವು. ಮೂರಕ್ಕೂ ಬೇರೆ ಬೇರೆ ರಟ್ಟು. ಪುಸ್ತಕ ಮಾಡಬೇಕಾದರೆ ಹಾಗೆ ಮಾಡದೆ ಬೇರೆ ದಾರಿ ಇಲ್ಲ, ಅದು ನನಗೂ ಗೊತ್ತು. ಆದರೆ ಪುಸ್ತಕ ಬಂದ ಮೇಲೆ ಜನರೂ ಪುಸ್ತಕದ ಹಾಗೆ ಇರಬೇಕು ಅಂತ ಆಯಿತಲ್ಲ, ಅಲ್ಲಿಂದ ತೊಂದರೆ ಶುರು.

ತುಳುವಿಗೆ ಆಗ ಇನ್ನೊಂದು ತಿರುವು ಸಿಕ್ಕಿತು. ಮಿಶನ್ ಪ್ರೆಸ್ಸಿನಲ್ಲಿ ಇದ್ದದ್ದು ಕನ್ನಡದ ಅಚ್ಚುಮೊಳೆ. ತುಳು ಪುಸ್ತಕಗಳು ಕನ್ನಡ ಲಿಪಿಯಲ್ಲೇ ಅಚ್ಚಾದವು. ತುಳುವಿಗೂ ಒಂದು ಹಳೆಯ ಲಿಪಿ ಇತ್ತು, ತಾಳೆಗರಿಯಲ್ಲಿ. ಹೆಚ್ಚಾಗಿ ಮಂತ್ರ ಬರೆಯಲು ಬಳಸುತ್ತಿದ್ದರು. ಅದರಲ್ಲೇ ತುಳು ಕಾವ್ಯವೂ ಇತ್ತು ಅಂತ ಲೋಕಕ್ಕೆ ಗೊತ್ತಾದದ್ದು ಬಹಳ ತಡವಾಗಿ, ನಮ್ಮ ಕಾಸರಗೋಡಿನವರೇ ಆದ ವೆಂಕಟರಾಜ ಪುಣಿಂಚತ್ತಾಯರು ಮನೆಮನೆ ತಿರುಗಿ ತಾಳೆಗರಿ ಹುಡುಕಿದ ಮೇಲೆ. ವಿಷ್ಣುತುಂಗ ಎಂಬ ಕವಿಯ ತುಳು ಭಾಗವತ ಅವರಿಗೆ ಸಿಕ್ಕಿತು. ಅಲ್ಲಿಯವರೆಗೆ ತುಳುವಿಗೆ ಹಳೆಯ ಸಾಹಿತ್ಯವೇ ಇಲ್ಲ, ಬರೀ ಬಾಯಿಮಾತು ಅಂತ ನಾವು, ಕನ್ನಡದ ಮೇಷ್ಟ್ರುಗಳು, ಕ್ಲಾಸಿನಲ್ಲಿ ಹೇಳುತ್ತಿದ್ದೆವು. 2024ರ ಸೆಪ್ಟೆಂಬರಿನಲ್ಲಿ ಆ ಲಿಪಿ ಕಂಪ್ಯೂಟರಿನ ಅಕ್ಷರಪಟ್ಟಿಯಾದ ಯುನಿಕೋಡಿಗೂ ಸೇರಿತು, ತುಳು-ತಿಗಳಾರಿ ಎಂಬ ಹೆಸರಿನಲ್ಲಿ.

ಶಾಲೆಯ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಕೀನ್ಯಾದ ಲೇಖಕ ಗೂಗಿ ವಾ ಥಿಯಾಂಗೊ 2025ರಲ್ಲಿ ತೀರಿಕೊಂಡರು. ಅವರು ತಮ್ಮ ಶಾಲೆಯ ಬಗ್ಗೆ ಬರೆದದ್ದನ್ನು ಓದಿದ್ದೇನೆ. ಅಲ್ಲಿ ತಾಯಿಮಾತಾದ ಗಿಕೂಯು ಮಾತಾಡುತ್ತಾ ಸಿಕ್ಕಿಬಿದ್ದ ಹುಡುಗನ ಕೈಗೆ ಒಂದು ಗುಂಡಿ, ಅಂದರೆ ಬಟನ್ನು, ಕೊಡುತ್ತಿದ್ದರಂತೆ. ಅವನು ಅದನ್ನು ತಾಯಿಮಾತಿನಲ್ಲಿ ಮಾತಾಡುವ ಇನ್ನೊಬ್ಬನಿಗೆ ದಾಟಿಸಬೇಕು. ಸಂಜೆ ಯಾರ ಕೈಯಲ್ಲಿ ಉಳಿಯಿತೋ ಅವನಿಂದ ಹಿಂದಕ್ಕೆ ಹಿಡಿದು ಎಲ್ಲರಿಗೂ ಪೆಟ್ಟು. ಗೆಳೆಯ ಯಾವಾಗ ತಾಯಿಮಾತಿಗೆ ಜಾರುತ್ತಾನೆ ಅಂತ ಕಾಯುವ ಕೆಲಸ ಮಕ್ಕಳಿಗೆ.

ಓದಿದಾಗ ನನಗೆ ನಗು ಬಂತು, ಆಮೇಲೆ ಬರಲಿಲ್ಲ. ಯಾಕೆಂದರೆ ನಾನು ಕಲಿತ ಕನ್ನಡ ಶಾಲೆಯಲ್ಲಿ ಹೆಚ್ಚು ಕಮ್ಮಿ ಇದೇ ಇತ್ತು. ಇಂಗ್ಲಿಷ್ ಶಾಲೆಯಲ್ಲ, ಸ್ವಾತಂತ್ರ್ಯ ಬಂದು ಎಷ್ಟೋ ವರ್ಷ ಕಳೆದ ಮೇಲಿನ ಅಪ್ಪಟ ಕನ್ನಡ ಶಾಲೆ. ತುಳು ಮಾತಾಡಿದರೆ ಐದು ಪೈಸೆ ದಂಡ. ಕ್ಲಾಸ್ ಲೀಡರನ ಕೈಯಲ್ಲಿ ಒಂದು ಪುಸ್ತಕ, ಅದರಲ್ಲಿ ಹೆಸರು ಬರೆಯಬೇಕು. ನಮ್ಮ ಲೀಡರು ಮಹಾ ಶಿಸ್ತಿನವನು. ಯಾರಾದರೂ ತುಳುವಿನಲ್ಲಿ ಪಿಸುಗುಟ್ಟಿದರೆ ಎದ್ದು ನಿಂತು ಕೂಗುತ್ತಿದ್ದ: ‘ಯಾನ್ ನಿನ್ನ ಪುದರ್ ಬರೆಪೆ!’ ನಾನು ನಿನ್ನ ಹೆಸರು ಬರೆಯುತ್ತೇನೆ ಅಂತ. ಅದೂ ತುಳುವಿನಲ್ಲೇ! ಒಂದು ದಿನ ಹಿಂದಿನ ಬೆಂಚಿನವನೊಬ್ಬ ಅದನ್ನು ಮೇಷ್ಟ್ರಿಗೆ ಹೇಳಿಬಿಟ್ಟ. ಲೀಡರು ತನ್ನ ಹೆಸರನ್ನು ತಾನೇ ಬರೆದುಕೊಳ್ಳಬೇಕಾಯಿತು. ಮೇಷ್ಟ್ರು ನಕ್ಕರು. ಅವರ ಮನೆಮಾತೂ ತುಳುವೇ.

ಗೂಗಿ ಅವರ ಕಥೆಯಲ್ಲಿ ನನ್ನನ್ನು ಜಾಸ್ತಿ ಕಾಡುವುದು ಆಮೇಲಿನ ಭಾಗ. ಅವರು ವರ್ಷಗಟ್ಟಲೆ ಇಂಗ್ಲಿಷಿನಲ್ಲಿ ಕಾದಂಬರಿ ಬರೆದರು, ಸರ್ಕಾರವನ್ನು ಟೀಕಿಸಿದರು, ಯಾರೂ ಜೈಲಿಗೆ ಹಾಕಲಿಲ್ಲ. 1977ರಲ್ಲಿ ಹಳ್ಳಿಯ ಜನರನ್ನೇ ಕೂಡಿಸಿಕೊಂಡು ಗಿಕೂಯು ಭಾಷೆಯಲ್ಲಿ ನಾಟಕ ಆಡಿಸಿದರು. ಆ ವರ್ಷದ ಕೊನೆಗೆ ಜೈಲು. ಹಾಕಿದ್ದು ಬ್ರಿಟಿಷರಲ್ಲ, ಸ್ವತಂತ್ರ ಕೀನ್ಯಾದ ಸರ್ಕಾರ. ಜೈಲಿನಲ್ಲಿ ಶೌಚಾಲಯದ ಕಾಗದದ ಮೇಲೆ ಗಿಕೂಯುವಿನಲ್ಲಿ ಕಾದಂಬರಿ ಬರೆದರು. ಆಳುವವನ ಬಣ್ಣ ಬದಲಾದರೂ ಕುರ್ಚಿಯ ಅಭ್ಯಾಸ ಹಾಗೇ ಉಳಿದಿತ್ತು.

ನಮ್ಮ ಕಡೆಯ ಕುರ್ಚಿಗೆ ಬರೋಣ. ಟಿಪ್ಪು ಬಿದ್ದ ಮೇಲೆ, 1799ರಲ್ಲಿ, ಈ ಕರಾವಳಿ ಕುಂಪಣಿಯ ಕೈಗೆ ಹೋಯಿತು. ಆಮೇಲೆ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯೊಳಗೆ ನಾವು. ಕಚೇರಿ, ಕೋರ್ಟು ಕನ್ನಡದಲ್ಲಿ. ಅದಕ್ಕೂ ಮೊದಲು ಕೆಳದಿಯವರು, ವಿಜಯನಗರದವರು ಆಳಿದಾಗಲೂ ಬರವಣಿಗೆಯ ಮಾತು ಬಹುಮಟ್ಟಿಗೆ ಕನ್ನಡವೇ. ಮನೆಯಲ್ಲಿ ಯಾವ ಮಾತು ಬೇಕಾದರೂ ಇರಲಿ, ದಾಖಲೆ ಕನ್ನಡ, ಆಟ ಕನ್ನಡ. ಕುಂಬಳೆಯ ಪಾರ್ತಿಸುಬ್ಬನ ಯಕ್ಷಗಾನ ಪ್ರಸಂಗಗಳನ್ನು ರಾತ್ರಿಯಿಡೀ ಕೂತು ನೋಡಿದವರಲ್ಲಿ ಮನೆಯಲ್ಲಿ ಕನ್ನಡ ಆಡುವವರು ಎಷ್ಟು ಮಂದಿ ಇದ್ದಿರಬಹುದು? ಅದೇ ಜನ ಮಾರನೇ ದಿನ ಭೂತದ ಕೋಲದಲ್ಲಿ ತುಳು ಪಾಡ್ದನ ಕೇಳುತ್ತಿದ್ದರು. ಯಾರಿಗೂ ಇದು ಸಮಸ್ಯೆ ಅನಿಸಿರಲಿಲ್ಲ.

ಭಾಷೆಯ ಎಣಿಕೆಯ ಮೇಲೆ ಗೆರೆ ಎಳೆಯುವ ಹೊತ್ತು ಬಂದಾಗ ಅದು ಸಮಸ್ಯೆಯಾಯಿತು. ರಾಜ್ಯಗಳನ್ನು ಹೊಸದಾಗಿ ವಿಂಗಡಿಸಲು ಕೂತ ಫಜಲ್ ಅಲಿ ಆಯೋಗ 1955ರಲ್ಲಿ ವರದಿ ಕೊಟ್ಟಿತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು. ಗಡಿ ತಕರಾರು ನೋಡಲು ಬಂದ ಮಹಾಜನ ಆಯೋಗ 1967ರಲ್ಲಿ ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಲಿ ಅಂದಿತು. ಆ ವರದಿ ಕಪಾಟಿನಲ್ಲೇ ಉಳಿಯಿತು. 1984ರಲ್ಲಿ ಕಾಸರಗೋಡು ಬೇರೆ ಜಿಲ್ಲೆಯಾಯಿತು. ಈ ಕಥೆ ನಿಮಗೆಲ್ಲ ಬಾಯಿಪಾಠ, ಮುಂದೆ ಹೋಗುತ್ತೇನೆ.

ಆದರೆ ಒಂದು ಮಾತು ಹೇಳದೆ ಹೋಗಲಾರೆ. ಈ ನೆಲದ ಕನ್ನಡಕ್ಕೆ ಎರಡು ದೊಡ್ಡ ಹೆಸರು. ಒಂದು ಮಂಜೇಶ್ವರದ ಗೋವಿಂದ ಪೈಗಳು. 1949ರಲ್ಲಿ ಮದ್ರಾಸ್ ಸರ್ಕಾರ ಅವರಿಗೆ ರಾಷ್ಟ್ರಕವಿ ಅಂತ ಬಿರುದು ಕೊಟ್ಟಿತು. ಇನ್ನೊಂದು ಕಯ್ಯಾರ ಕಿಞ್ಞಣ್ಣ ರೈಗಳು. ಕಾಸರಗೋಡು ಕರ್ನಾಟಕಕ್ಕೆ ಸೇರಲಿ ಅಂತ ನೂರು ವರ್ಷ ಮುಟ್ಟುವವರೆಗೂ ಹೇಳುತ್ತಲೇ ಇದ್ದವರು. ಪೈಗಳ ಮನೆಮಾತು ಕೊಂಕಣಿ. ರೈಗಳ ಮನೆಮಾತು ತುಳು. ನಾನು ಗಣತಿಗೆ ಅವರ ಮನೆಗಳಿಗೆ ಹೋಗಿದ್ದರೆ ಮಾತೃಭಾಷೆ ಖಾನೆಯಲ್ಲಿ ಏನು ಬರೆಯಬೇಕಿತ್ತು, ಹೇಳಿ? ಸರಿಯಾಗಿ ಬರೆದಿದ್ದರೆ ಕಾಸರಗೋಡಿನ ಕನ್ನಡದ ಲೆಕ್ಕದಿಂದ ಇಬ್ಬರೂ ಹೊರಗೆ! ಇಲ್ಲಿ ಕನ್ನಡ ಬದುಕಿದ್ದೇ ಎರಡನೇ ಮಾತಾಗಿ, ಮನಸ್ಸಿನಿಂದ ಆರಿಸಿಕೊಂಡ ಮಾತಾಗಿ. 2011ರ ಎಣಿಕೆಯಲ್ಲಿ ಜಿಲ್ಲೆಯ ಜನ 13 ಲಕ್ಷ ಚಿಲ್ಲರೆ. ಮಲಯಾಳ ಬರೆಸಿದವರು ಶೇಕಡ 80ಕ್ಕೂ ಜಾಸ್ತಿ. ಉಳಿದವರಲ್ಲಿ ಕನ್ನಡ ಬರೆಸಿದವರಿಗಿಂತ ತುಳು ಬರೆಸಿದವರೇ ಹೆಚ್ಚು. ನನ್ನಂಥವರು ಅಷ್ಟು ಕೈವಾಡ ಮಾಡಿದ ಮೇಲೂ.

ಎಣಿಕೆಯ ಹೊಟ್ಟೆಯೊಳಗೆ ಇನ್ನೂ ಒಂದು ಜರಡಿ ಇದೆ. 2011ರಲ್ಲಿ ಇಡೀ ದೇಶದ ಜನ ಮಾತೃಭಾಷೆ ಅಂತ ಬರೆಸಿದ ಹೆಸರುಗಳು 19,569. ಅದರಲ್ಲಿ ಕಾಗುಣಿತದ ತಪ್ಪು, ಜಾತಿಯ ಹೆಸರು, ಊರಿನ ಹೆಸರು ಎಲ್ಲ ಸೇರಿತ್ತು, ಒಪ್ಪುತ್ತೇನೆ. ಸೋಸಿ ಸೋಸಿ ಕೊನೆಗೆ ಪಟ್ಟಿಯಲ್ಲಿ ಉಳಿದದ್ದು 121 ಭಾಷೆ. ಹತ್ತು ಸಾವಿರಕ್ಕಿಂತ ಕಮ್ಮಿ ಮಂದಿ ಆಡುವ ಭಾಷೆಗೆ ಅಲ್ಲಿ ಪ್ರತ್ಯೇಕ ಸಾಲು ಇಲ್ಲ, ‘ಇತರೆ’ಯಲ್ಲಿ ಬೀಳುತ್ತದೆ. ನೀಲಗಿರಿಯ ಬಡಗ ಮಾತು ಆಡುವವರು ಒಂದು ಲಕ್ಷಕ್ಕೂ ಮೇಲಿದ್ದಾರೆ, ಆದರೂ ಅವರದ್ದನ್ನು ಕನ್ನಡದ ಕೆಳಗೆ ಸೇರಿಸಿ ಎಣಿಸುತ್ತಾರೆ. ಆ ಸಂಖ್ಯೆ ನೋಡಿ ನಮಗೆ ಖುಷಿ. ಬಡಗರನ್ನು ಯಾರು ಕೇಳಿದರು?

ಹೆಸರುಗಳ ವಿಷಯ ನನಗೆ ಇಷ್ಟದ್ದು. ಅದಕ್ಕೆ ಸ್ವಲ್ಪ ಹೊತ್ತು ಕೊಡಿ.

ಬದಿಯಡ್ಕ, ಕಾರಡ್ಕ, ಬೇಡಡ್ಕ. ಈ ‘ಅಡ್ಕ’ ಅಂದರೆ ಮುರಕಲ್ಲಿನ ಬಯಲು, ಹುಲ್ಲು ಬಿಟ್ಟರೆ ಹೆಚ್ಚೇನೂ ಬೆಳೆಯದ ಜಾಗ. ಗುಡ್ಡದ ತಲೆಯ ಸಪಾಟು ಜಾಗ ‘ಪದವು’. ಗದ್ದೆಗಳಿಗೂ ಮೂರು ಹೆಸರು. ಕೆಳಗಿನ ನೀರಿರುವ ಗದ್ದೆ ‘ಬೈಲು’, ನಡುವಿನದು ‘ಮಜಲು’, ಮೇಲಿನದು ‘ಬೆಟ್ಟು’. ಬೈಲಿನಲ್ಲಿ ಮೂರು ಬೆಳೆ ತೆಗೆಯಬಹುದು: ಮಳೆಗಾಲದ ಏಣೆಲು, ಆಮೇಲೆ ಸುಗ್ಗಿ, ಬೇಸಗೆಗೆ ಕೊಳಕೆ. ಮಜಲಿನಲ್ಲಿ ಎರಡು. ಬೆಟ್ಟಿನಲ್ಲಿ ಮಳೆ ನಂಬಿ ಒಂದೇ. ಅಂದರೆ ಯಾವುದಾದರೂ ಊರಿನ ಹೆಸರಲ್ಲಿ ಬೆಟ್ಟು ಅಂತ ಇದ್ದರೆ, ಅಲ್ಲಿಗೆ ಮಗಳನ್ನು ಕೊಡುವ ಮೊದಲು ಹಿಂದಿನವರು ಎರಡು ಸಲ ಯೋಚಿಸುತ್ತಿದ್ದಿರಬೇಕು! ಊರಿನ ಹೆಸರೇ ಪಹಣಿ. ಗೇಣಿ, ತೀರ್ವೆ ಎಲ್ಲ ಈ ಹೆಸರಿನ ಮೇಲೆ ನಡೆಯುತ್ತಿತ್ತು.

ಇಂಗ್ಲಿಷರು ನಮ್ಮ ಜಿಲ್ಲೆಯ ಹೊಸದುರ್ಗವನ್ನು ‘ಹೊಸ್‌ದ್ರುಗ್’ ಮಾಡಿದರು. ಚಿತ್ರದುರ್ಗವನ್ನು ಚಿತಲ್‌ದ್ರುಗ್ ಮಾಡಿದವರಲ್ಲವೇ. ಅದು ನಾಲಗೆ ತಿರುಗದ ತಪ್ಪು, ನಕ್ಕು ಬಿಡಬಹುದು. ಅದೇ ಹೊಸದುರ್ಗದಲ್ಲಿ ಮಲಯಾಳದವರು ಪುದಿಯಕೋಟ ಅನ್ನುತ್ತಾರೆ. ಅರ್ಥ ಅದೇ, ಹೊಸ ಕೋಟೆ. ಕಾಸರಗೋಡು ಪೇಟೆಯ ಪಿಲಿಕುಂಜೆ ಮಲಯಾಳದಲ್ಲಿ ಪುಲಿಕುನ್ನು. ತುಳುವಿನ ಪಿಲಿ, ಮಲಯಾಳದ ಪುಲಿ, ಕನ್ನಡದ ಹುಲಿ. ಕನ್ನಡದಲ್ಲೂ ಅದು ಮೊದಲು ಪುಲಿಯೇ, ಆಮೇಲೆ ‘ಪ’ ಹೋಗಿ ‘ಹ’ ಬಂತು. ಹುಲಿ ಒಂದೇ, ನೋಡಿದವರು ಮೂವರು. ನಮ್ಮ ಕಾಸರಗೋಡು ಎಂಬ ಹೆಸರಿಗೇ ಎರಡು ಕಥೆ ಹೇಳುತ್ತಾರೆ. ಕಾಸಾರ ಅಂದರೆ ಕೆರೆ, ಅದರಿಂದ ಬಂತು ಅನ್ನುವವರಿದ್ದಾರೆ. ಕಾಸರಕ ಮರದಿಂದ ಬಂತು ಅನ್ನುವವರಿದ್ದಾರೆ. ನನಗೆ ಮರದ ಕಡೆಗೆ ಒಲವು. ಕಾಸರಕದ ಕಾಯಿ ಕಹಿ, ವಿಷ. ಆದರೂ ಮದ್ದಿಗೆ ಬೇಕು.

2021ರಲ್ಲಿ ಗಡಿಯ ಊರುಗಳ ಹೆಸರನ್ನು ಮಲಯಾಳಕ್ಕೆ ಬದಲಾಯಿಸುತ್ತಾರಂತೆ ಎಂಬ ಸುದ್ದಿ ಎದ್ದಿತು. ಕರ್ನಾಟಕದಲ್ಲಿ ದೊಡ್ಡ ಗಲಾಟೆ. ಅಂಥ ತೀರ್ಮಾನವೇ ಇಲ್ಲ ಅಂತ ಕೇರಳ ಸರ್ಕಾರ ಹೇಳಿತು. ನಾನೂ ಆಗ ಸಿಟ್ಟು ಮಾಡಿಕೊಂಡವನೇ. ಮಲಯಾಳದವರ ಬಾಯಲ್ಲಿ ಬೇಡಡ್ಕ ಬೇಡಗಂ ಆಗುತ್ತದೆ. ಬಾಯಿ ತಿರುಗಿದಂತೆ ಹೆಸರು ತಿರುಗುತ್ತದೆ, ಅದಕ್ಕೆ ಜಗಳ ಬೇಡ. ಬೋರ್ಡಿನಲ್ಲಿ ಒಂದೇ ಹೆಸರು ಉಳಿದರೆ ಮಾತ್ರ ಅಡ್ಕ ಹೋಯಿತು, ಮುರಕಲ್ಲೂ ಹೋಯಿತು. ಇಷ್ಟು ಯೋಚಿಸುವಾಗ ಇನ್ನೊಂದು ನೆನಪಾಯಿತು. 2014ರ ನವೆಂಬರ್ 1ರಂದು ಕರ್ನಾಟಕ ಸರ್ಕಾರ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ತಿದ್ದಿತು. ಮ್ಯಾಂಗಲೋರ್ ಹೋಗಿ ಮಂಗಳೂರು ಬಂತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆ ಊರಿಗೆ ತುಳುವಿನಲ್ಲಿ ಕುಡ್ಲ ಅಂತ ಹೆಸರಿದೆ, ಉಡುಪಿಗೆ ಒಡಿಪು ಅಂತ ಇದೆ. ಬೋರ್ಡಿನ ಮೂಲೆಯಲ್ಲಾದರೂ ಅದಿರಲಿ ಅಂತ ನಮ್ಮಲ್ಲಿ ಎಷ್ಟು ಮಂದಿ ಕೇಳಿದೆವು?

ಕಾನೂನಿನ ವಿಷಯವೂ ಹೀಗೇ. 2017ರಲ್ಲಿ ಕೇರಳ ಎಲ್ಲ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಮಾಡಿತು. ಕಾಸರಗೋಡಿನಲ್ಲಿ ನಾವು ಬೀದಿಗೆ ಇಳಿದೆವು, ಇಳಿಯಬೇಕಿತ್ತು. ತಮಿಳುನಾಡು 2006ರಲ್ಲೇ ತಮಿಳು ಕಲಿಕೆಯ ಕಾನೂನು ತಂದಿತ್ತು, ಹೊಸೂರಿನ ಕಡೆಯ ಕನ್ನಡ, ತೆಲುಗು ಮಕ್ಕಳಿಗೆ ಬಿಸಿ ತಟ್ಟಿತು. ಮಹಾರಾಷ್ಟ್ರ 2020ರಲ್ಲಿ ಮರಾಠಿಗೆ ಅದೇ ಮಾಡಿತು, ಅಕ್ಕಲಕೋಟೆ, ಜತ್ತದ ಕಡೆಯ ಕನ್ನಡದವರು ಗೊಣಗಿದರು. ನಡುವೆ 2015ರಲ್ಲಿ ಕನ್ನಡ ಕಲಿಕೆಯ ಕಾನೂನು ತಂದವರು ಯಾರು? ನಮ್ಮ ಕರ್ನಾಟಕ! ನಾಲ್ಕು ಮನೆಯವರೂ ತಮ್ಮ ತಮ್ಮ ಬಾಗಿಲಿಗೆ ಒಂದೇ ಅಂಗಡಿಯ ಬೀಗ ತಂದು ಹಾಕಿದ್ದಾರೆ. ಒಳಗಿದ್ದವರು ‘ಭದ್ರತೆ’ ಅನ್ನುತ್ತಾರೆ, ಹೊರಗಿದ್ದವರು ‘ಅನ್ಯಾಯ’ ಅನ್ನುತ್ತಾರೆ. ಇಂಗ್ಲಿಷಿನ ಎದುರು ಅವರವರ ಭಾಷೆಯನ್ನು ಕಾಯಬೇಕು ಎಂಬುದು ನಿಜ. ಆದರೆ ಇಂಗ್ಲಿಷಿಗೆ ಅಂತ ಎತ್ತಿದ ಕೋಲು ಬೀಳುವುದು ಪಕ್ಕದ ಸಣ್ಣವನ ಬೆನ್ನಿಗೆ.

ಅನ್ಯಾಯ ಇಲ್ಲ ಅಂತ ನಾನು ಹೇಳುತ್ತಿಲ್ಲ. ನಾನು ಕೆಲಸ ಮಾಡಿದ ಒಂದು ಶಾಲೆಗೆ, ಕನ್ನಡ ಮಾಧ್ಯಮದ ತರಗತಿಗೆ, ಕನ್ನಡವೇ ಬಾರದ ಒಬ್ಬ ಗಣಿತದ ಮೇಷ್ಟ್ರನ್ನು ಹಾಕಿದರು. ಪಾಪ, ಒಳ್ಳೆಯ ಮನುಷ್ಯ. ಕೇರಳದ ತೆಂಕಣ ಜಿಲ್ಲೆಯವರು. ಮೊದಲ ದಿನ ಬೋರ್ಡಿನ ಮುಂದೆ ಬೆವರುತ್ತಾ ನಿಂತಿದ್ದರು. ಮಕ್ಕಳು ‘ಮಾಷೇ, ಇದಕ್ಕೆ ಕನ್ನಡದಲ್ಲಿ ಭಾಗಾಕಾರ ಅನ್ನುವುದು’ ಅಂತ ಮಲಯಾಳದಲ್ಲೇ ಹೇಳಿಕೊಟ್ಟರು. ಒಂದು ವರ್ಷ ಮಕ್ಕಳು ಅವರಿಗೆ ಕನ್ನಡ ಕಲಿಸಿದರು. ಗಣಿತ ಯಾರೂ ಕಲಿಯಲಿಲ್ಲ. ಕಡತದಲ್ಲಿ ಮಾತ್ರ ಆ ಹುದ್ದೆ ತುಂಬಿತ್ತು. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಮಾಡಿಕೊಡಬೇಕು ಅನ್ನುತ್ತದೆ. ಕೇರಳದ 1969ರ ಆಡಳಿತ ಭಾಷಾ ಕಾನೂನಿನಲ್ಲೂ ಕನ್ನಡದವರಿಗೆ, ತಮಿಳರಿಗೆ ಜಾಗ ಇದೆ. ನಾವು ಸರ್ಕಾರಕ್ಕೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಆದರೆ ನಮ್ಮಲ್ಲಿ ಎಷ್ಟು ಜನ ಕನ್ನಡದಲ್ಲಿ ಅರ್ಜಿ ಕೊಡುತ್ತೇವೆ? ಕೆಲಸ ಬೇಗ ಆಗಲಿ ಅಂತ ಮಲಯಾಳ ಬರುವ ಯಾರ ಕೈಯಲ್ಲಾದರೂ ಬರೆಸಿಕೊಳ್ಳುತ್ತೇವೆ. ನಾನೂ ಬರೆಸಿದ್ದೇನೆ.

ಗಮನಿಸಿ, ಆ ಕಾನೂನಿನಲ್ಲಿ ತುಳುವಿಗೆ ಜಾಗ ಇಲ್ಲ. ಇನ್ನೂ ಕೆಳಗೆ ಇಳಿದರೆ ಕೊರಗರ ಮಾತು.

ಇಲ್ಲಿ ನಾನು ಸ್ವಲ್ಪ ಮೆಲ್ಲಗೆ ಮಾತಾಡುತ್ತೇನೆ, ಯಾಕೆಂದರೆ ಇದು ನನ್ನ ಮಾತಲ್ಲ. ಕೊರಗರು ಈ ನೆಲದ ಹಳಬರು. ಕರ್ನಾಟಕ, ಕೇರಳ ಎರಡೂ ಸೇರಿದರೂ ಇಪ್ಪತ್ತು ಸಾವಿರ ಮಂದಿ ಆಗುವುದಿಲ್ಲ. ಡಿ. ಎನ್. ಶಂಕರ ಭಟ್ಟರು 1971ರಲ್ಲೇ ಅವರ ಭಾಷೆಯ ಬಗ್ಗೆ ಒಂದು ಪುಸ್ತಕ ತಂದರು. ಅದು ತುಳುವೂ ಅಲ್ಲ, ಕನ್ನಡವೂ ಅಲ್ಲ, ತನ್ನದೇ ಆದ ಮಾತು. ನನ್ನ ಕ್ಲಾಸಿನಲ್ಲಿ ಕೊರಗರ ಇಬ್ಬರು ಮಕ್ಕಳಿದ್ದರು. ಬೀದಿಯಲ್ಲಿ ತುಳು, ಕ್ಲಾಸಿನಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ. ಅವರ ಮನೆಯ ಮಾತನ್ನು ನಾನು ಒಂದು ದಿನವೂ ಕೇಳಲಿಲ್ಲ. ಕನ್ನಡಕ್ಕೆ ಅನ್ಯಾಯ ಅಂತ ನಾನು ಭಾಷಣ ಮಾಡುವಾಗ ಅವರಿಬ್ಬರೂ ಮುಂದಿನ ಬೆಂಚಿನಲ್ಲೇ ಕೂತಿದ್ದರು.

ಸಂಸ್ಕೃತಿ ಉಳಿಸಬೇಕು ಅನ್ನುವವರಿಗೆ ಕೊರಗರು ಒಂದು ಗಟ್ಟಿ ಪಾಠ. ಅವರ ಡೋಲು ಅಂದರೆ ನಮಗೆ ಜಾನಪದ, ಮೆರವಣಿಗೆಯ ಮುಂದೆ ಚಂದ. ಆದರೆ ಊರಿನವರ ಮನೆಗೆ, ಜಾತ್ರೆಗೆ, ಕಂಬಳಕ್ಕೆ ಬಂದು ಬಾರಿಸಲೇಬೇಕು ಎಂಬ ಹಳೆಯ ಬಿಟ್ಟಿ ಇತ್ತು. ಅಜಲು ಎಂಬ ಹೆಸರಿನಲ್ಲಿ ಏನೇನು ನಡೆಯಿತು ಅಂತ ಈ ಸಭೆಯಲ್ಲಿ ಬಾಯಿ ಬಿಟ್ಟು ಹೇಳಲು ನನಗೆ ನಾಚಿಕೆ. ಕರ್ನಾಟಕ 2000ದಲ್ಲಿ ಅದನ್ನು ಕಾನೂನು ಮಾಡಿ ನಿಷೇಧಿಸಿತು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬ ಡೋಲು ಮುಟ್ಟುವುದೇ ಇಲ್ಲ. ಇನ್ನೊಬ್ಬ ತನ್ನವರ ಮದುವೆಯಲ್ಲಿ ಮಾತ್ರ ಬಾರಿಸುತ್ತಾನೆ, ಊರಿನವರು ಕರೆದರೆ ಬರುವುದಿಲ್ಲ. ಇಬ್ಬರದೂ ಸರಿ. ಯಾವುದನ್ನು ಉಳಿಸಬೇಕು, ಯಾವುದನ್ನು ಹೊಳೆಗೆ ಬಿಡಬೇಕು ಅಂತ ಹೇಳಬೇಕಾದವರು ಅವರು. ನಾವಲ್ಲ, ಸರ್ಕಾರವಲ್ಲ, ಕ್ಯಾಮೆರಾ ಹಿಡಿದು ಬರುವವರೂ ಅಲ್ಲ.

ನ್ಯೂಜಿಲೆಂಡಿನ ಮಾವೊರಿ ಜನ 1982ರಲ್ಲಿ ಒಂದು ಕೆಲಸ ಶುರು ಮಾಡಿದರು. ಅವರ ಮಾತು ಅಜ್ಜ ಅಜ್ಜಿಯರ ಬಾಯಲ್ಲಿ ಮಾತ್ರ ಉಳಿದಿತ್ತು, ಅಪ್ಪ ಅಮ್ಮ ಇಂಗ್ಲಿಷಿಗೆ ಹೋಗಿಯಾಗಿತ್ತು. ಅವರು ಪುಟ್ಟ ಮಕ್ಕಳನ್ನು ಅಜ್ಜಿಯರ ಕೈಗೆ ಕೊಟ್ಟರು. ಬಾಲವಾಡಿಯ ಹಾಗೆ. ಅಲ್ಲಿ ಆಟ, ಊಟ, ನಿದ್ದೆ, ಬೈಗುಳ ಎಲ್ಲ ಮಾವೊರಿಯಲ್ಲೇ. ‘ಮಾತಿನ ಗೂಡು’ ಅಂತ ಅದರ ಹೆಸರಿನ ಅರ್ಥ. 1987ರಲ್ಲಿ ಸರ್ಕಾರ ಆ ಭಾಷೆಗೆ ಅಧಿಕೃತ ಸ್ಥಾನ ಕೊಟ್ಟಿತು. ಗೂಡು ಮೊದಲು, ಕಾನೂನು ಆಮೇಲೆ. ನಮ್ಮಲ್ಲಿ ಅಂಗನವಾಡಿ ಇಲ್ಲದ ಊರಿಲ್ಲ. ಕೊರಗರ ಕಾಲನಿಯ ಪಕ್ಕದ ಅಂಗನವಾಡಿಯಲ್ಲಿ ದಿನಕ್ಕೊಂದು ಗಂಟೆ ಕೊರಗರ ಅಜ್ಜಿಯೊಬ್ಬರನ್ನು ಕೂರಿಸಿ, ಅವರಿಗೆ ಸಂಬಳ ಕೊಡಿ. ಸಂಬಳ ಕೊಡಿ ಅನ್ನುವುದನ್ನು ಒತ್ತಿ ಹೇಳುತ್ತೇನೆ. ಬಿಟ್ಟಿಯಾಗಿ ಕರೆದರೆ ಅದು ಇನ್ನೊಂದು ಅಜಲು.

ತುಳುವಿನ ಮಟ್ಟಿಗೆ ಗಡಿಯ ಆಚೆ, ದಕ್ಷಿಣ ಕನ್ನಡ, ಉಡುಪಿಯ ಶಾಲೆಗಳಲ್ಲಿ ಮೂರನೇ ಭಾಷೆಯಾಗಿ ಕಲಿಯಲು ದಾರಿ ಇದೆ. ಇಲ್ಲೂ ಕೇಳೋಣ. ಕನ್ನಡಕ್ಕೆ ಅದರಿಂದ ಪೆಟ್ಟು ಬೀಳುತ್ತದೆ ಅಂತ ನಮ್ಮವರೇ ಕೆಲವರು ಹೇಳುತ್ತಾರೆ. ಅವರಿಗೆ ನಾನು ಕೇಳುವುದು ಇಷ್ಟೇ: ಕಯ್ಯಾರರಿಗೆ ತುಳುವಿನಿಂದ ಕನ್ನಡ ಕಮ್ಮಿಯಾಯಿತಾ?

ಸಭೆ ಮುಗಿಯುವ ಹೊತ್ತಿಗೆ ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತಳು. ಹೊಸದಾಗಿ ಕೆಲಸಕ್ಕೆ ಸೇರಿದ ಟೀಚರು. ‘ಸರ್, ಆ ಅಜ್ಜಿಗೆ ನೀವು ಆಮೇಲೆ ಹೇಳಿದ್ರಾ?’ ಅಂತ ಕೇಳಿದಳು.

ಹೇಳಿದ್ದೆ. ಒಂದೆರಡು ವರ್ಷ ಬಿಟ್ಟು, ಅದೇ ದಾರಿಯಲ್ಲಿ ಹೋಗುವಾಗ ಒಳಗೆ ಹೋದೆ. ಅವತ್ತು ಜಗಲಿಯಲ್ಲಿ ಅಡಿಕೆ ಇರಲಿಲ್ಲ, ಹಲಸಿನ ಹಪ್ಪಳ ಒಣಗುತ್ತಿತ್ತು. ‘ಅಮ್ಮ, ಅವತ್ತು ನಾನು ನಿಮ್ಮ ಭಾಷೆ ತಪ್ಪು ಬರೆದೆ. ತುಳು ಅಂತ ಬರೆಯಬೇಕಿತ್ತು, ಕನ್ನಡ ಅಂತ ಬರೆದೆ’ ಅಂದೆ. ಅವರು ಕಾಗೆ ಓಡಿಸುತ್ತಾ ನನ್ನ ಮುಖ ನೋಡಿದರು. ಯಾವುದೋ ದೊಡ್ಡ ಕಳ್ಳತನ ಒಪ್ಪಿಕೊಳ್ಳಲು ಬಂದವನ ಹಾಗೆ ಕಂಡಿರಬೇಕು.

‘ಅದಕ್ಕೆ ಅಕ್ಕಿ ಏನಾದ್ರೂ ಕಮ್ಮಿ ಆಗ್ತದಾ ಮಾಷ್ಟ್ರೇ?’

‘ಇಲ್ಲ ಅಮ್ಮ.’

‘ಮತ್ತೆಂತಕ್ಕೆ ಬಂದದ್ದು, ಬಿಸಿಲಿಗೆ?’

ಹಪ್ಪಳ ಕಟ್ಟಿ ಕೊಟ್ಟರು. ಈಗ ಅವರಿಲ್ಲ. ಮುಂದಿನ ಗಣತಿ 2027ಕ್ಕೆ ಅಂತ ಹೇಳಿದ್ದಾರೆ. ಈ ಸಲ ಕಾಗದ ಇಲ್ಲ, ಮೊಬೈಲಿನಲ್ಲಿ. ನಾನು ನಿವೃತ್ತ, ನನ್ನನ್ನು ಕರೆಯುವುದಿಲ್ಲ. ಆ ಹುಡುಗಿಗೆ ಕರೆ ಬರಬಹುದು. ಆ ಮನೆ ಎಲ್ಲಿ ಅಂತ ಅವಳಿಗೆ ದಾರಿ ಹೇಳಿಕೊಟ್ಟೆ: ಬದಿಯಡ್ಕ ದಾಟಿ, ಎಡಕ್ಕೆ ಮಣ್ಣಿನ ರಸ್ತೆ, ಕಟ್ಟೆಯ ಹತ್ತಿರ ಇಳಿದರೆ ಬೈಲು, ಬೈಲು ದಾಟಿ ತೋಟ. ಈಗ ಬೈಲಿನಲ್ಲಿ ಗದ್ದೆ ಇಲ್ಲ, ರಬ್ಬರ್ ಹಾಕಿದ್ದಾರೆ. ಹೆಸರು ಮಾತ್ರ ಬೈಲು ಅಂತಲೇ ಇದೆ, ಕೇಳಿದರೆ ಯಾರಾದರೂ ತೋರಿಸುತ್ತಾರೆ.